ಸಿದ್ದಿಗಳ ಶಿಲುಬೆ ಒಡೆಯರ ಸೊತ್ತಲ್ಲ

ಮತಾಂತರಗೊಂಡ ಆದಿವಾಸಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ಕೈಬಿಡಬೇಕೆಂಬ ಬೇಡಿಕೆ ದೆಹಲಿಗೆ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಸಂಸದ ಕಾರ್ತಿಕ್ ಒರಾಂವ್ ಸಂಸತ್ತಿನಲ್ಲಿ ಎತ್ತಿದ ಈ ಪ್ರಶ್ನೆ ಆಗಾಗ ಮತ್ತೆ ತಲೆ ಎತ್ತುತ್ತಲೇ ಇದೆ. ಹೊರಗಿನಿಂದ ಬಂದ ಧರ್ಮವನ್ನು ಒಪ್ಪಿದವನು ತನ್ನ ಜನರಿಂದಲೇ ಹೊರಬಿದ್ದ ಎಂಬ ನಂಬಿಕೆ ಅದರ ಬುಡದಲ್ಲಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಬೇಕಾದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿಗಳನ್ನು ನೋಡಬೇಕು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರಲ್ಲಿ ಕ್ರೈಸ್ತರ ಕಥೆಗೆ ಗುಲಾಮಗಿರಿಯ ಕಲೆ ಅತ್ಯಂತ ನೇರವಾಗಿ ಅಂಟಿದೆ. ಆ ಕಲೆಯನ್ನು ಮುಚ್ಚಿಡದೆಯೇ ಹೇಳಬೇಕಾದ ಮಾತೊಂದಿದೆ: ಒಡೆಯರು ಬಲವಂತದಿಂದ ಹೊರಿಸಿದ ಧರ್ಮವನ್ನು ಗುಲಾಮರು ತಮ್ಮದನ್ನಾಗಿ ಮಾಡಿಕೊಂಡರು. ಅದನ್ನು ಈಗ ಅವರ ಮೇಲಿನ ಆರೋಪವಾಗಿ ತಿರುಗಿಸುವುದು ಎರಡನೆಯ ಅನ್ಯಾಯ.

ಬಲವಂತ ಇತ್ತೆಂಬುದರಲ್ಲಿ ಅನುಮಾನವಿಲ್ಲ. 1452ರಲ್ಲಿ ಪೋಪ್ ಐದನೆಯ ನಿಕೋಲಸ್ ಹೊರಡಿಸಿದ ಆಜ್ಞಾಪತ್ರ, ಕ್ರೈಸ್ತರಲ್ಲದವರನ್ನು ಗೆದ್ದು ಶಾಶ್ವತ ದಾಸ್ಯಕ್ಕೆ ತಳ್ಳುವ ಅಧಿಕಾರವನ್ನು ಪೋರ್ಚುಗಲ್ಲಿನ ದೊರೆಗೆ ಕೊಟ್ಟಿತು. ಕೊಂಡು ತಂದ ಆಫ್ರಿಕನ್ನರಿಗೆ ಒಡೆಯರು ಗೊತ್ತಾದ ಅವಧಿಯೊಳಗೆ ಜ್ಞಾನಸ್ನಾನ ಮಾಡಿಸಬೇಕೆಂದು 16ನೇ ಶತಮಾನದ ಆರಂಭದಲ್ಲಿ ದೊರೆ ಮ್ಯಾನುಯೆಲ್ ಕಾನೂನು ಮಾಡಿದ. 1510ರಲ್ಲಿ ಪೋರ್ಚುಗೀಸರ ವಶವಾದ ಗೋವಾದಲ್ಲಿ ಗುಲಾಮರ ಸಂತೆ ನಡೆಯುತ್ತಿತ್ತು. ಮೊಜಾಂಬಿಕ್ ಕಡೆಯಿಂದ ಹಡಗುಗಳಲ್ಲಿ ಬಂದವರು ಅಲ್ಲಿ ಬಿಕರಿಯಾಗುತ್ತಿದ್ದರು. ಹೊಸ ಹೆಸರು, ಹೊಸ ದೇವರು, ಹೊಸ ಒಡೆಯ ಮೂರೂ ಒಟ್ಟಿಗೇ ಬರುತ್ತಿದ್ದವು. ಇದರಲ್ಲಿ ಇಷ್ಟಾನಿಷ್ಟದ ಮಾತೇ ಇರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೋವಾದ ಮನೆಗಳಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಸಿದ್ದಿಗಳೆಲ್ಲರ ಪೂರ್ವಿಕರು ಒಂದೇ ದಾರಿಯಲ್ಲಿ ಬಂದವರಲ್ಲ ಎಂಬುದೂ ನಿಜ. ದಖ್ಖನಿನ ಸುಲ್ತಾನರ ಸೈನ್ಯಗಳಲ್ಲೂ ಹಬ್ಶಿಗಳೆಂದು ಕರೆಸಿಕೊಂಡ ಆಫ್ರಿಕನ್ನರಿದ್ದರು. ಕಾಡಿನಲ್ಲಿ ಪೋರ್ಚುಗೀಸ್ ಒಡೆಯನ ಕಾನೂನು ನಡೆಯುತ್ತಿರಲಿಲ್ಲ, ಅವನ ಚಾಟಿ ಅಲ್ಲಿಗೆ ತಲುಪುತ್ತಿರಲಿಲ್ಲ. ಧರ್ಮ ಬರೀ ಸಂಕೋಲೆಯಾಗಿದ್ದರೆ ಅದನ್ನು ಕಳಚಿ ಎಸೆಯಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಎಷ್ಟೋ ಮಂದಿ ನೆರೆಹೊರೆಯವರ ದೇವರುಗಳನ್ನು ತಮ್ಮವರನ್ನಾಗಿ ಮಾಡಿಕೊಂಡರು. ಇನ್ನು ಕೆಲವರು ಶಿಲುಬೆಯನ್ನು ಬಿಡಲಿಲ್ಲ. ಬಿಟ್ಟವರದ್ದು ಹೇಗೆ ಆಯ್ಕೆಯೋ ಉಳಿಸಿಕೊಂಡವರದ್ದೂ ಹಾಗೆಯೇ ಆಯ್ಕೆ. ಓಡಿಹೋಗುವ ಧೈರ್ಯ ಮಾಡಿದ ಮನುಷ್ಯನಿಗೆ ತನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇರಲಿಲ್ಲ ಎನ್ನುವುದು ಅವನನ್ನು ಮತ್ತೊಮ್ಮೆ ಗುಲಾಮನೆಂದು ಕರೆದಂತೆ.

ಆಫ್ರಿಕಾದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕಾಂಗೋ ರಾಜ್ಯದ ದೊರೆ ಎನ್‌ಜಿಂಗಾ ಎ ಎನ್‌ಕುವು ಜ್ಞಾನಸ್ನಾನ ಪಡೆದದ್ದು 1491ರಲ್ಲಿ. ಅವನನ್ನು ಯಾವ ಸೈನ್ಯವೂ ಸೋಲಿಸಿರಲಿಲ್ಲ. ಅವನ ಮಗ ಅಫೊನ್ಸೊ 1526ರಲ್ಲಿ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು, ನಿಮ್ಮ ವ್ಯಾಪಾರಿಗಳು ನನ್ನ ಪ್ರಜೆಗಳನ್ನೂ ಮನೆತನದವರನ್ನೂ ಹಿಡಿದು ಮಾರುತ್ತಿದ್ದಾರೆ ಎಂದು ದೂರಿದ. ಒಬ್ಬ ಕ್ರೈಸ್ತ ದೊರೆ ಇನ್ನೊಬ್ಬ ಕ್ರೈಸ್ತ ದೊರೆಗೆ, ಸಮಾನ ನೆಲೆಯಲ್ಲಿ ನಿಂತು ಬರೆದ ಪತ್ರ ಅದು. ಅದೇ ಕಾಂಗೋದಲ್ಲಿ ಕಿಂಪಾ ವೀಟಾ ಎಂಬ ಯುವತಿ, ಏಸು ಹುಟ್ಟಿದ್ದು ನಮ್ಮ ನೆಲದಲ್ಲೇ ಎಂದು ಸಾರಿ ಜನರನ್ನು ಸೇರಿಸಿದಳು. 1706ರಲ್ಲಿ ಆಕೆಯನ್ನು ಪಾಷಂಡಿಯೆಂದು ಸುಟ್ಟರು. ಬಿಳಿಯರ ಬೋಧನೆಯನ್ನು ಆಕೆ ಹಾಗೆಯೇ ಒಪ್ಪಿಸಿದ್ದರೆ ಸುಡುವ ಅಗತ್ಯವೇ ಬೀಳುತ್ತಿರಲಿಲ್ಲ. 1921ರಲ್ಲಿ ಬೆಲ್ಜಿಯನ್ ಆಳ್ವಿಕೆ ಬೋಧಕ ಸಿಮೋನ್ ಕಿಂಬಾಂಗುವನ್ನು ಸೆರೆಗೆ ತಳ್ಳಿದ್ದೂ ಆಫ್ರಿಕನ್ನರು ಧರ್ಮವನ್ನು ತಮ್ಮದಾಗಿಸಿಕೊಳ್ಳುತ್ತಾರೆಂಬ ಇದೇ ಭಯದಿಂದ. ಅವರು ಸೆರೆಯಲ್ಲೇ 1951ರಲ್ಲಿ ತೀರಿಕೊಂಡರು.

ಈ ವಾದಕ್ಕೆ ಎರಡು ದಿಕ್ಕುಗಳಿಂದ ಆಕ್ಷೇಪ ಬರುತ್ತದೆ. ಆಫ್ರಿಕನ್ನರಿಗೆ ಅಕ್ಷರ, ಆಸರೆ, ಬಿಡುಗಡೆ ಕೊಟ್ಟದ್ದೇ ಮಿಷನರಿಗಳಲ್ಲವೇ ಎಂಬುದು ಮೊದಲನೆಯದು. ಅದರಲ್ಲಿ ಅರ್ಧ ಸತ್ಯವಿದೆ. ಗುಲಾಮರ ಹಡಗುಗಳಿಂದ ಬಿಡಿಸಿದ ಮಕ್ಕಳಿಗೆ 1850ರ ದಶಕದಲ್ಲಿ ನಾಸಿಕ್ ಬಳಿಯ ಶರಣಪುರದಲ್ಲಿ ಮಿಷನರಿಗಳು ಆಶ್ರಯ ಕೊಟ್ಟರು. ಅಲ್ಲಿ ಓದಿದ ಜೇಕಬ್ ವೇನ್‌ರೈಟ್, ಪರಿಶೋಧಕ ಲಿವಿಂಗ್‌ಸ್ಟನ್ನನ ಪಾರ್ಥಿವ ಶರೀರದೊಂದಿಗೆ ಇಂಗ್ಲೆಂಡಿನವರೆಗೆ ಹೋದ. ಆದರೆ ಜ್ಞಾನಸ್ನಾನವಾದ ಮಾತ್ರಕ್ಕೆ ಗುಲಾಮನಿಗೆ ಬಿಡುಗಡೆಯಿಲ್ಲ ಎಂದು 1667ರಲ್ಲಿ ಕಾನೂನು ಬರೆದ ವರ್ಜೀನಿಯಾದ ಬಿಳಿಯರೂ ಕ್ರೈಸ್ತರೇ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಅಚ್ಚಾದ ಬೈಬಲ್ಲಿನಿಂದ, ಈಜಿಪ್ಟಿನ ದಾಸ್ಯದಿಂದ ಒಂದು ಜನಾಂಗ ಪಾರಾಗುವ ಕಥೆಯನ್ನೇ ಕತ್ತರಿಸಿದ್ದರು. ಕತ್ತರಿಸಿದ ಕೈಗೆ ಆ ಕಥೆಯ ಬಲ ಗೊತ್ತಿತ್ತು. ಗುಲಾಮರಿಗೂ ಗೊತ್ತಿತ್ತು. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ದಂಗೆಗೆ ಮುಂದಾಳಾದ ಸ್ಯಾಮ್ ಶಾರ್ಪ್ ಬ್ಯಾಪ್ಟಿಸ್ಟ್ ಬೋಧಕನಾಗಿದ್ದ. ಮರುವರ್ಷ ಅವನನ್ನು ಗಲ್ಲಿಗೇರಿಸಿದರು. ಬಿಡುಗಡೆಯ ಅರ್ಥವನ್ನು ಧರ್ಮಗ್ರಂಥದಿಂದ ಹೊರತೆಗೆದವರು ಗುಲಾಮರೇ. ಅದು ಯಾರೋ ದಾನವಾಗಿ ಕೊಟ್ಟದ್ದಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಧರ್ಮ ಬದಲಾದಾಗ ಭಾಷೆ, ಹಿರಿಯರು, ಆಚರಣೆ ಎಲ್ಲವೂ ಹೋಗುತ್ತವೆ. ಉಳಿಯುವುದು ಹೆಸರು ಮಾತ್ರ ಎಂಬ ವಾದ ಅದು. ಸಿದ್ದಿಗಳು ಕಳೆದುಕೊಂಡದ್ದು ಸಣ್ಣದಲ್ಲ. ಅವರ ಪೂರ್ವಿಕರ ಭಾಷೆಗಳು ಇಂದು ಮನೆಮಾತಾಗಿ ಉಳಿದಿಲ್ಲ. ಆದರೆ ಆ ನಷ್ಟ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರದ್ದೂ ಹೌದು. ಆ ಭಾಷೆಗಳನ್ನು ಕಸಿದದ್ದು ಗುಲಾಮಗಿರಿ. ಉಳಿದದ್ದೂ ಹಾಗೆಯೇ ಎಲ್ಲರದ್ದು. ಢಮಾಮಿ ಬಾರಿಸಿ ಕುಣಿಯುವ ಕುಣಿತ ಒಂದು ಧರ್ಮದವರ ಸ್ವತ್ತಲ್ಲ. ಹಿರಿಯರಿಗೆ ಎಡೆಯಿಟ್ಟು ನೆನೆಯುವ ಪದ್ಧತಿ ಧರ್ಮದ ಗೆರೆ ದಾಟಿ ಉಳಿದಿದೆ. ಧರ್ಮ ದಾಟಿದ ಮದುವೆಗಳೂ ಇವೆ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ನೋಡಿ. ಹೊರ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಸಾಲುಗಟ್ಟಿದ ಉದ್ದನೆಯ ದಾರ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಕಾಣಿಸಬಹುದು. ಆದರೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ, ಒಂದರ ಮೇಲೊಂದಿಟ್ಟು ಹೊಲಿದ ಹೂವು ಇರಲೇಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಶಿಲುಬೆ ಅಲ್ಲಿ ಸಿದ್ದಿ ಕಸುಬಿನೊಳಗೆ ಕೂತಿದೆ. ಕಸುಬನ್ನು ಹೊರಗೆ ತಳ್ಳಿಲ್ಲ.

ಇಷ್ಟು ಹೇಳಿದರೆ ಚರ್ಚಿನ ಹೊಣೆ ಕಳೆಯುವುದಿಲ್ಲ. 1452ರ ಆಜ್ಞೆಯಂಥವುಗಳ ಮೇಲೆ ನಿಂತ ಸಿದ್ಧಾಂತವನ್ನು ವ್ಯಾಟಿಕನ್ ತಿರಸ್ಕರಿಸಿದ್ದು 2023ರ ಮಾರ್ಚಿನಲ್ಲಿ. ಐನೂರೈವತ್ತಕ್ಕೂ ಹೆಚ್ಚು ವರ್ಷ ತಡವಾಯಿತು. ಗೋವಾದ ಕ್ರೈಸ್ತರಲ್ಲಿ ಜಾತಿ ಅಳಿಯಲಿಲ್ಲ, ಗುಲಾಮರ ಸಂತತಿಗೆ ಆ ಏಣಿಯಲ್ಲಿ ಮೇಲಿನ ಮೆಟ್ಟಿಲು ಸಿಗಲಿಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಅಧಿಕಾರ ನಡೆಸಿದವರು. ಜ್ಞಾನಸ್ನಾನಕ್ಕೆ ಒಡ್ಡಿಕೊಳ್ಳಬೇಕಾಗಿ ಬಂದವರ ಮಕ್ಕಳು, ಮೊಮ್ಮಕ್ಕಳಲ್ಲ.

ಇದು ಹಳೆಯ ಚರಿತ್ರೆಯ ಚರ್ಚೆ ಮಾತ್ರವಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಧರ್ಮದ ಷರತ್ತು ಇದೆ; ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಇಲ್ಲ. ಪಂಗಡಗಳನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಪಟ್ಟಿ ಮಾಡಿದ ಲಕ್ಷಣಗಳಲ್ಲೂ ಧರ್ಮ ಇಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸಂಸತ್ತು 2020ರಲ್ಲಿ ಸೇರಿಸಿತು. ಎರಡು ಸಲವೂ ಸಂಸತ್ತು ಸಿದ್ದಿಗಳನ್ನು ಒಂದು ಜನವಾಗಿ ಕಂಡಿತು. ಆ ಮಾನ್ಯತೆಯ ಬೆಲೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗೊತ್ತಾಗುತ್ತದೆ. 2006ರ ಆ ಕಾಯ್ದೆಯಂತೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಅನುಭೋಗ ತೋರಿಸಿದರೆ ಸಾಕು. ಇತರ ಅರಣ್ಯವಾಸಿಗಳು ಮೂರು ತಲೆಮಾರು, ಎಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಕ್ರೈಸ್ತ ಸಿದ್ದಿಗಳನ್ನು ಪಟ್ಟಿಯಿಂದ ತೆಗೆದರೆ, ತಲೆಮರೆಸಿಕೊಂಡೇ ಬದುಕು ಶುರುಮಾಡಿದ ಜನರ ವಂಶದವರಿಂದ ಮುಕ್ಕಾಲು ಶತಮಾನದ ದಾಖಲೆ ಕೇಳಿದಂತಾಗುತ್ತದೆ. ಒಂದೇ ಮನೆತನದ ಹಿಂದೂ ಅಣ್ಣನಿಗೆ ಹಕ್ಕುಪತ್ರ, ಕ್ರೈಸ್ತ ತಮ್ಮನಿಗೆ ಒಕ್ಕಲೆಬ್ಬಿಸುವ ನೋಟಿಸು ಎಂಬ ಸ್ಥಿತಿ ಬರುತ್ತದೆ. ಸಿದ್ದಿಯ ಮೈಬಣ್ಣ, ಗುಂಗುರು ಕೂದಲು ಕಂಡು ಅವಮಾನಿಸುವವರು ಅವನ ಧರ್ಮ ಯಾವುದೆಂದು ಕೇಳುವುದಿಲ್ಲ. ಅವನಿಗೆ ರಕ್ಷಣೆ ಕೊಡಬೇಕಾದ ಸರ್ಕಾರವೂ ಕೇಳಬಾರದು. ದೆಹಲಿಯಲ್ಲಿ ಈ ಪಟ್ಟಿಗಳನ್ನು ತಿದ್ದುವ ಅಧಿಕಾರವುಳ್ಳವರಿಗೂ ಅಲ್ಲಿ ಕೂತ ಕರ್ನಾಟಕದ ಸಂಸದರಿಗೂ ಇರುವ ಮನವಿ ಒಂದೇ: ಸಿದ್ದಿಗಳನ್ನು ಧರ್ಮದ ಗೆರೆ ಎಳೆದು ಒಡೆಯಬೇಡಿ, ಬಾಕಿ ಇರುವ ಅರಣ್ಯ ಹಕ್ಕುಪತ್ರಗಳನ್ನು ಮೂರೂ ಧರ್ಮದ ಸಿದ್ದಿಗಳಿಗೆ ಮೊದಲು ಕೊಡಿಸಿ.