ಪ್ರಶ್ನಾವಳಿಯೋ, ಓಲೆಗರಿಯೋ

ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಓದುವ ಹುಡುಗ ಬಾಗಲಕೋಟೆ ಕಡೆಯವನಾದರೆ ಅವನ ಪ್ರಾಜೆಕ್ಟಿನ ಹೆಸರನ್ನು ಕೇಳದೆಯೂ ಹೇಳಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ ಇಲ್ಲವೇ ಇಳಕಲ್ಲಿನ ಕಾಲೇಜು ವಿದ್ಯಾರ್ಥಿಗಳು ಇ-ಸಂಪನ್ಮೂಲ ಬಳಸುವ ಬಗೆ: ಒಂದು ಅಧ್ಯಯನ. ವರ್ಷ ವರ್ಷ ಊರು ಬದಲಾಗುತ್ತದೆ, ಪ್ರಶ್ನಾವಳಿ ಬದಲಾಗುವುದು ಅಪರೂಪ. ಗೈಡ್ ಎದುರು ಕೂತ ಹುಡುಗನ ಮೊದಲ ಮಾತೇ, "ಸರ್, ಎಷ್ಟ್ ಫಾರ್ಮ್ ತುಂಬಿಸ್ಬೇಕ್ರೀ?"

ಇದನ್ನು ನೋಡಿ ನಗುವುದು ಸುಲಭ. ಆದರೆ ಗೈಡ್ ಆದವರ ಕಷ್ಟವೂ ಇದೆ. ಸಿಗುವುದು ಒಂದು ಸೆಮಿಸ್ಟರ್. ಅದರಲ್ಲೇ ಪಾಠ, ಪರೀಕ್ಷೆ, ವೈವಾ. ವಿದ್ಯಾರ್ಥಿಗೆ ಸಂಶೋಧನೆಯ ಗಂಧಗಾಳಿ ಇರುವುದಿಲ್ಲ. ಅಂಥವನಿಗೆ ಸಮೀಕ್ಷೆಯಷ್ಟು ಅಚ್ಚುಕಟ್ಟಾಗಿ ಕಲಿಸಬಹುದಾದದ್ದು ಬೇರೆ ಇಲ್ಲ. ಸಾವಿರ ಜನರಿರುವ ಕಾಲೇಜಿನಲ್ಲಿ ಎಷ್ಟು ಜನರನ್ನು ಕೇಳಿದರೆ ಸಾಕು ಎಂದರೆ, 1970ರ ಕ್ರೆಜ್ಸಿ-ಮಾರ್ಗನ್ ಕೋಷ್ಟಕ 278 ಎನ್ನುತ್ತದೆ. ಮಾದರಿ ಆಯ್ಕೆ, ಕೋಷ್ಟಕ, ಶೇಕಡಾವಾರು ಎಲ್ಲ ಕೈಗೆ ಹತ್ತುತ್ತವೆ. ಕಾಲೇಜಿಗೂ ಲಾಭವುಂಟು. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್‌ಗೆ ಚಂದಾ ಕಟ್ಟಿದ್ದರೂ ಅರ್ಧ ತರಗತಿಗೆ ಅದರ ಲಾಗಿನ್ ಇರುವುದೇ ಗೊತ್ತಿಲ್ಲ ಎಂಬಂಥ ಸಂಗತಿ ಹೊರಬರುವುದು ಕೇಳಿದಾಗಲೇ. ಓದುಗನಿಗೆ ಅವನ ಪುಸ್ತಕ ಸಿಗಬೇಕು ಎಂದು ರಂಗನಾಥನ್ 1931ರಲ್ಲಿ ಸೂತ್ರ ಬರೆದದ್ದೇನೋ ಸರಿ. ಸಿಕ್ಕಿತೇ ಎಂದು ಓದುಗನನ್ನೇ ಕೇಳುವುದು ತಪ್ಪೇನಲ್ಲ.

ತೊಂದರೆ ಉತ್ತರದಲ್ಲಿದೆ. ಗ್ರಂಥಪಾಲಕರೇ ಹಂಚಿ, ಅವರೇ ವಾಪಸ್ ಪಡೆಯುವ ಫಾರ್ಮಿನಲ್ಲಿ 'ಅತೃಪ್ತಿ' ಎಂದು ಗುರುತು ಹಾಕುವ ಧೈರ್ಯ ಎಷ್ಟು ಜನರಿಗಿದೆ? ತುಂಬಿದ ಫಾರ್ಮುಗಳನ್ನು ತಿರುವಿ ನೋಡಿ. 'ತೃಪ್ತಿ' ಎಂಬ ಕಾಲಮ್ಮಿನಲ್ಲಿ ಟಿಕ್ ಗುರುತುಗಳು ಮೇಲಿನಿಂದ ಕೆಳಗೆ ದಾರ ಹಿಡಿದಂತೆ ಇಳಿದಿರುತ್ತವೆ. ನಡುವೆ ಬೇಕೆಂದೇ ತಿರುಗಿಸಿ ಕೇಳಿದ ಪ್ರಶ್ನೆಗೂ ಅದೇ ಟಿಕ್. ಅದೇ ಕೌಂಟರಿನ ಮೇಲೆ ಇಶ್ಯೂ ರಿಜಿಸ್ಟರ್ ಬಿದ್ದಿರುತ್ತದೆ. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು, ಯಾವುದು ಕಪಾಟು ಬಿಟ್ಟು ಅಲುಗಾಡಲಿಲ್ಲ ಎಂಬುದು ಅದರಲ್ಲಿದೆ. ಅದನ್ನು ತೆರೆಯುವವರು ಕಡಿಮೆ.

ಸಮೀಕ್ಷೆ ಬಿಟ್ಟು ಓಲೆಗರಿ ಹಿಡಿಯಿರಿ ಎನ್ನುವ ಇನ್ನೊಂದು ಪಕ್ಷದವರ ವಾದ ಇಲ್ಲಿಂದ ಶುರುವಾಗುತ್ತದೆ. ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಸಂಸ್ಥೆ, ಓಲೆಗರಿಗಳಿಗೂ ಹೆಸರಾದ ಜಾಗ. ಪಕ್ಕದ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ, ಮಠ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಅಂಥ ಸೀಮೆಯಲ್ಲಿ ಕೂತು ಲಾಗಿನ್ ಎಣಿಸುತ್ತೀರಲ್ಲ ಎಂಬುದು ಅವರ ಸಿಟ್ಟು.

ಸಿಟ್ಟು ನ್ಯಾಯವಾದದ್ದೇ. ಆದರೆ ಓಲೆ ಕೈಗೆ ಬಂದ ಮೇಲೆ ಏನು? ಅದರಲ್ಲಿ ಪದ ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ, ಅಕ್ಷರಗಳು ಹಳೆಯವು, ಅಂಚು ಮುಟ್ಟಿದರೆ ಮುರಿಯುತ್ತದೆ. ತರಬೇತಿ ಇಲ್ಲದವನ ಕೈಗೆ ಕೊಟ್ಟರೆ ಅಧ್ಯಯನಕ್ಕಿಂತ ಹಾನಿಯೇ ಹೆಚ್ಚು. ಮಠದವರ ವಿಶ್ವಾಸ ಗಳಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಎಷ್ಟೋ ಗೈಡುಗಳಿಗೇ ಆ ಲಿಪಿ ಬಾರದು. ಮೇಲಾಗಿ ಸಿನಾಪ್ಸಿಸ್ ಕಮಿಟಿಯವರು "ಊಹಾಪ್ರಮೇಯ ಎಲ್ಲಿ?" ಎನ್ನುತ್ತಾರೆ. ಶೀರ್ಷಿಕೆ, ಕರ್ತೃ, ಲಿಪಿ, ಗರಿಗಳ ಸಂಖ್ಯೆ, ಅಳತೆ, ಸ್ಥಿತಿ ಎಂದು ಒಂದೊಂದು ಕಟ್ಟನ್ನೂ ವಿವರಿಸುವುದು ಬರೀ ಪಟ್ಟಿ, ಸಂಶೋಧನೆಯಲ್ಲ ಎಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ನಲವತ್ತು ಕೋಷ್ಟಕಗಳಿಗಿಂತ ನಲವತ್ತು ಕಟ್ಟುಗಳ ಸೂಚಿ ಹೆಚ್ಚು ದಿನ ಬಾಳುತ್ತದೆ. ಸಮಯದ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ.

ಇವೆರಡರ ನಡುವೆ ಇಳಕಲ್ಲಿದೆ. ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ನೇಕಾರ, ರೇಷ್ಮೆಯ ದರ, ಬೇಡಿಕೆಯ ದಡಿ, ಸರಕಾರದ ಯೋಜನೆಗಳ ಸುದ್ದಿಯನ್ನು ಯಾರಿಂದ ಪಡೆಯುತ್ತಾನೆ? ಮಗ್ಗದ ಮುಂದೆ ಫಾರ್ಮ್ ಹಿಡಿದರೆ ಕೆಲಸ ಕೆಡುತ್ತದೆ, ಕೂತು ಮಾತಾಡಬೇಕು. ಮೂರ್ನಾಲ್ಕು ತಿಂಗಳಲ್ಲಿ ಆಗುವ ಕೆಲಸ, ಅಲ್ಲಿಯ ಹುಡುಗಿಗಾದರೆ ಮನೆಯ ಬಾಗಿಲಲ್ಲೇ. "ಇದು ಲೈಬ್ರರಿ ವಿಷಯವೇ?" ಎಂದು ಕೇಳುವವರಿದ್ದಾರೆ. ಗ್ರಂಥಾಲಯಕ್ಕೆ ಬಾರದವರ ಮಾಹಿತಿಯ ಅಗತ್ಯವೂ ಈ ಶಾಸ್ತ್ರದ ಪಠ್ಯದಲ್ಲೇ ಇದೆ.

ಪಿಎಚ್.ಡಿ.ಯ ಮಾತು ಬೇರೆ. ಅಲ್ಲಿ ಕನಿಷ್ಠ ಮೂರು ವರ್ಷ ಸಿಗುತ್ತದೆ. ಯುಜಿಸಿಯ 2022ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ, ಪ್ರಾಧ್ಯಾಪಕರು ಎಂಟು ಜನರಿಗೆ ಮಾತ್ರ ಗೈಡ್ ಆಗಬಹುದು. ಇಷ್ಟು ಬಿಡುವಿದ್ದೂ ಶೋಧಗಂಗಾ ಜಾಲತಾಣದಲ್ಲಿರುವ ಪ್ರಬಂಧವನ್ನೇ ಅಚ್ಚಿನಂತೆ ಇಟ್ಟುಕೊಂಡು ಊರಿನ ಹೆಸರಷ್ಟೇ ತಿದ್ದುವುದಕ್ಕೆ ನೆಪವಿಲ್ಲ. ಎಂ.ಲಿಬ್.ಗೆ ಸಮೀಕ್ಷೆ ಇರಲಿ, ಜೊತೆಗೆ ಇಶ್ಯೂ ರಿಜಿಸ್ಟರಿನ ಲೆಕ್ಕ ಕಡ್ಡಾಯವಾಗಲಿ. ಓಲೆಗರಿ ಪಿಎಚ್.ಡಿ.ಗೆ ಹೋಗಲಿ. ಲಿಪಿ ಬಾರದ ಗೈಡ್ ಕನ್ನಡ ವಿಭಾಗದವರನ್ನು ಸಹ ಮಾರ್ಗದರ್ಶಕರಾಗಿ ಸೇರಿಸಿಕೊಳ್ಳಬಹುದು. ಯಾರ ಪಾಲಿನ ಕೆಲಸ ಏನು, ಮುಂದೆ ಲೇಖನ ಬಂದರೆ ಯಾರ ಹೆಸರು ಮೊದಲು ಎಂಬುದನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಆಮೇಲೆ ಇತ್ಯರ್ಥ ಮಾಡಲು ಹೋದರೆ ನರಳುವವನು ವಿದ್ಯಾರ್ಥಿ.