ಕಾಣುವ ಊರು ಹತ್ತಿರವೇ?



ಅಕ್ಕನ 9ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಎರಡು ಪದ ನೋಡಿದೆ: ದೂರ ಮತ್ತು ಸ್ಥಾನಪಲ್ಲಟ. ನಡೆದ ಹಾದಿಯ ಪೂರ್ತಿ ಉದ್ದ ದೂರ. ಹೊರಟ ಜಾಗದಿಂದ ಸೇರಿದ ಜಾಗಕ್ಕೆ ನೇರ ಗೆರೆ ಎಳೆದರೆ ಅದರ ಉದ್ದ ಮತ್ತು ದಿಕ್ಕು ಸೇರಿ ಸ್ಥಾನಪಲ್ಲಟ. ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾಗಿದ್ದು ನಮ್ಮೂರ ಹೊಂಡದ ಹತ್ತಿರ.

16ನೇ ಶತಮಾನದಲ್ಲಿ ಪಾಳೆಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಈ ಪುಷ್ಕರಣಿ ಹೆಚ್ಚುಕಡಿಮೆ ಚೌಕವಾಗಿದೆ, ನಡುನೀರಲ್ಲಿ ವಸಂತ ಮಂಟಪ. ಲೆಕ್ಕಕ್ಕೆ ಒಂದು ಬದಿ 100 ಹೆಜ್ಜೆ ಅಂತಿಟ್ಟುಕೊಳ್ಳಿ. ಒಂದು ಮೂಲೆಯಿಂದ ಎದುರು ಮೂಲೆಗೆ ದಡದ ಮೇಲೆ ಹೋದರೆ ದೂರ 200 ಹೆಜ್ಜೆ. ಸ್ಥಾನಪಲ್ಲಟ ಸುಮಾರು 141 ಹೆಜ್ಜೆ ಮಾತ್ರ, ಆದರೆ ಆ ಗೆರೆ ನೀರಿನ ಮೇಲೆ ಮಂಟಪ ಹಾದು ಹೋಗುತ್ತದೆ. ಕಾಗೆಗೆ ಸರಿ, ನಮಗಲ್ಲ. ನಾಲ್ಕೂ ಬದಿ ಸುತ್ತಿ ಹೊರಟಲ್ಲಿಗೇ ಬಂದರೆ ದೂರ 400 ಹೆಜ್ಜೆ, ಸ್ಥಾನಪಲ್ಲಟ ಸೊನ್ನೆ! ಇದನ್ನು ಮನೆಯಲ್ಲಿ ಹೇಳಿದಾಗ ಅಜ್ಜಿ, "ಹಂಗಾದ್ರೆ ನಾನು ಬೆಳಗ್ಗಿಂದ ಹೊಲಕ್ಕೆ ಹೋಗಿ ಬಂದಿದ್ದು ಸೊನ್ನೆನಾ? ನಿನ್ನ ಪುಸ್ತಕಕ್ಕೆ ಕಾಲು ನೋಯಲ್ವೇನೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ಮುಖ್ಯ ಮಾತು. ನಮ್ಮ ಜೊತೆ ಓದುವ ಒಬ್ಬ ಹುಡುಗ ಹಳ್ಳದ ಆಚೆಯಿಂದ ಬರುತ್ತಾನೆ. ಅವನ ಮನೆ ಅಂಗಳದಿಂದ ಶಾಲೆಯ ಹೆಂಚು ಕಾಣುತ್ತದೆ. ಬೇಸಿಗೆಯಲ್ಲಿ ಒಣ ಹಳ್ಳ ದಾಟಿದರೆ 1 ಕಿ.ಮೀ. ಆಗಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಡಿಕೆ ತೋಟದ ಬೇಲಿ ಸುತ್ತಿ, ಸೇತುವೆ ಹತ್ತಿ ಬರಬೇಕು, 3 ಕಿ.ಮೀ.ಗೆ ಕಮ್ಮಿ ಇಲ್ಲ. ಮನೆಯೂ ಕದಲಿಲ್ಲ, ಶಾಲೆಯೂ ಕದಲಿಲ್ಲ. ಸ್ಥಾನಪಲ್ಲಟ ಅಷ್ಟೇ ಇದೆ, ದೂರ ಮಾತ್ರ ಮೂರರಷ್ಟು. ಅವನು ಒದ್ದೆ ಚೀಲ ಹಿಡಿದು ತಡವಾಗಿ ಬಂದಾಗ ನಾವು, "ಇಲ್ಲೇ ಕಾಣ್ತೈತಲ್ಲೋ ನಿಮ್ಮೂರು, ಲೇಟ್ ಯಾಕೆ?" ಅಂತ ನಗುತ್ತೇವೆ. ನಾನೂ ನಕ್ಕಿದ್ದೇನೆ. ನಮ್ಮ ಕಣ್ಣಿಗೆ ಕಂಡಿದ್ದು ಸ್ಥಾನಪಲ್ಲಟ, ಅವನು ನಡೆದಿದ್ದು ದೂರ.

2010ರ ಕೇಂದ್ರ ಶಿಕ್ಷಣ ಹಕ್ಕು ನಿಯಮಗಳಲ್ಲಿ 1ರಿಂದ 5ನೇ ತರಗತಿಯವರಿಗೆ 1 ಕಿ.ಮೀ., 6ರಿಂದ 8ನೇ ತರಗತಿಯವರಿಗೆ 3 ಕಿ.ಮೀ. ನಡಿಗೆಯ ದೂರದೊಳಗೆ ಶಾಲೆ ಇರಬೇಕು ಎಂದಿದೆ. ನಡಿಗೆಯ ದೂರ ಎಂಬ ಪದವನ್ನು ಗಮನಿಸಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಬರುವುದಿಲ್ಲ. ಸ್ಥಾನಪಲ್ಲಟ ಎಂದೂ ದೂರಕ್ಕಿಂತ ಜಾಸ್ತಿ ಆಗಲ್ಲ, ಆದ್ದರಿಂದ ಗೆರೆಯ ಲೆಕ್ಕ ಹಿಡಿದರೆ ನಷ್ಟ ಯಾವಾಗಲೂ ನಡೆಯುವವನಿಗೇ. ಹಾಗಂತ ಸ್ಥಾನಪಲ್ಲಟ ದಂಡ ಅಂತ ನಾನು ಹೇಳುತ್ತಿಲ್ಲ. ಯಾವ ಊರು ಯಾವ ದಿಕ್ಕಿಗೆ ಎಷ್ಟು ಆಚೆ ಇದೆ ಅಂತ ತಿಳಿಯಲು ಅದೇ ಬೇಕು.

ಗುರುಗಳಲ್ಲಿ ನನ್ನ ವಿನಂತಿ: ಯಾರ ಮನೆ ಎಷ್ಟು ದೂರ ಅಂತ ಬರೆದುಕೊಳ್ಳುವಾಗ ಮಳೆಗಾಲದ ಹಾದಿಯನ್ನೇ ಬರೆಯಿರಿ. ತಡವಾದವರನ್ನು ಹೊರಗೆ ನಿಲ್ಲಿಸುವ ಮುಂಚೆ ಯಾವ ದಾರಿಯಲ್ಲಿ ಬಂದೆ ಅಂತ ಒಂದು ಮಾತು ಕೇಳಿರಿ. ಭಾನುವಾರ ನಾವು ನಾಲ್ಕು ಜನ ಸೇತುವೆ ಸುತ್ತಿ ಹೆಜ್ಜೆ ಎಣಿಸಲು ಹೋಗುತ್ತಿದ್ದೇವೆ. ಬರುವವರು ಶನಿವಾರದೊಳಗೆ ಹೆಸರು ಕೊಡಿ.

– 7ನೇ ತರಗತಿ ವಿದ್ಯಾರ್ಥಿ