ಬೆರಳು ನೀಲಿಯಾದಾಗ

ಹೋದ ಸಂಚಿಕೆಯಲ್ಲಿ ಕೊಲೆಸ್ಟರಾಲ್ ಬಗ್ಗೆ ಬರೆದು ಹಲವರ ಹೋಳಿಗೆ ಊಟ ಕೆಡಿಸಿದೆನೆಂಬ ಆಪಾದನೆ ನನ್ನ ಮೇಲಿದೆ. ಆದ್ದರಿಂದ ಈ ದೀಪಾವಳಿಗೆ ಕಾಯಿಲೆಯ ಮಾತು ಬೇಡ. ಬೆಳಕಿನ ವಿಷಯವನ್ನೇ ಬರೆಯುತ್ತೇನೆ.

2000ದ ಫೆಬ್ರವರಿ. ನಾನು ಲೀಡ್ಸ್‌ಗೆ ಬಂದು ಐದು ತಿಂಗಳಾಗಿತ್ತು. ಮೈಸೂರಿನಲ್ಲಿ ಎಂ.ಡಿ. ಮುಗಿಸಿದ್ದವನು ಇಲ್ಲಿ ಸಂಬಳವಿಲ್ಲದ ಅಟ್ಯಾಚ್‌ಮೆಂಟ್‌ನಲ್ಲಿ ಕನ್ಸಲ್ಟೆಂಟರ ಹಿಂದೆ ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದೆ. ಪರೀಕ್ಷೆಯಲ್ಲಿ ಫೇಲಾದ ಪತ್ರ ಕೋಟಿನ ಜೇಬಿನಲ್ಲಿತ್ತು. ಹೆಂಡತಿ ಮತ್ತು ಎಂಟು ತಿಂಗಳ ಮಗಳು ಮೈಸೂರಿನಲ್ಲಿದ್ದರು. ವಾಪಸ್ ಹೋಗಲು ಟಿಕೆಟ್ ದರ ಎಷ್ಟೆಂದು ಕೇಳೋಣವೆಂದು ಟ್ರಾವೆಲ್ ಏಜೆಂಟರ ಅಂಗಡಿಗೆ ಹೊರಟಿದ್ದೆ. ಮಳೆ ನಿಂತು ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ದಾರಿ ಹತ್ತಿರವಾಗಲೆಂದು ವಿಕ್ಟೋರಿಯಾ ಕ್ವಾರ್ಟರ್‌ನೊಳಗೆ ನುಗ್ಗಿ ಕೈಗವಸು ತೆಗೆದೆ. ನೋಡಿದರೆ ಬೆರಳುಗಳೆಲ್ಲ ನೀಲಿ! ಸಯನೋಸಿಸ್ ಎಂದು ಎದೆ ಧಸಕ್ಕೆಂದಿತು. ಒಂದು ಹೆಜ್ಜೆ ಮುಂದಿಟ್ಟೆ, ಅಂಗೈ ಹಳದಿ. ಇಷ್ಟು ಬೇಗ ಕಾಮಾಲೆಯೂ ಬಂತೇ! ಆಗ ತಲೆ ಎತ್ತಿದೆ. ಇಡೀ ಬೀದಿಗೆ ಬಣ್ಣದ ಗಾಜಿನ ಚಾವಣಿ. ಐದು ತಿಂಗಳು ಅದರ ಕೆಳಗೇ ಓಡಾಡಿದ್ದೆ, ಒಂದು ದಿನವೂ ನೋಡಿರಲಿಲ್ಲ. ದಿನವಿಡೀ ರೋಗಿಗಳನ್ನು ‘ನೋಡುವ’ ವೃತ್ತಿಯವನು!

ಆ ಗಾಜನ್ನು ಕಂಡೇ ಮನಸ್ಸು ಬದಲಾಯಿಸಿದೆ ಎಂದರೆ ಕಥೆಗೆ ಕಳೆ ಬರುತ್ತಿತ್ತು. ನಿಜವೇನೆಂದರೆ, ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ನಿಂತು ಹೊತ್ತು ಹೋಯಿತು. ಅಂಗಡಿ ಮುಚ್ಚಿತ್ತು. ಮರುದಿನ ಮತ್ತೆ ಹೋಗಲು ಯಾಕೋ ಮನಸ್ಸಾಗಲಿಲ್ಲ.

ಅದನ್ನು ಮಾಡಿದವರು ಯಾರೆಂದು ಕೇಳುವಷ್ಟು ಕೃತಜ್ಞತೆಯೂ ನನಗಿರಲಿಲ್ಲ. 2025ರ ಜುಲೈನಲ್ಲಿ ಪತ್ರಿಕೆಯಲ್ಲಿ ನಿಧನವಾರ್ತೆ ಓದಿದಾಗಲೇ ಹೆಸರು ತಿಳಿದದ್ದು: ಸರ್ ಬ್ರಯಾನ್ ಕ್ಲಾರ್ಕ್. 72 ತುಂಬಲು ಒಂದೇ ದಿನ ಬಾಕಿಯಿತ್ತು.

ಹುಟ್ಟಿದ್ದು 1953ರಲ್ಲಿ, ನಮ್ಮ ಪಕ್ಕದ ಲ್ಯಾಂಕಶೈರ್‌ನ ಓಲ್ಡಮ್‌ನಲ್ಲಿ. ತಂದೆ ಕಲ್ಲಿದ್ದಲು ಗಣಿಯವರು, ತಾಯಿ ಹತ್ತಿ ಗಿರಣಿಯಲ್ಲಿ ನೂಲುವವರು. (ಅಂಥ ದಂಪತಿಗಳ ಶ್ವಾಸಕೋಶದಿಂದಲೇ ನಮ್ಮ ಪಠ್ಯಪುಸ್ತಕದ ಎರಡು ಅಧ್ಯಾಯಗಳು ತುಂಬುತ್ತವೆ.) ಹನ್ನೆರಡನೇ ವಯಸ್ಸಿಗೇ ಹುಡುಗನಿಗೆ ವಿದ್ಯಾರ್ಥಿವೇತನ ಸಿಕ್ಕಿ ಊರಿನ ಕಲಾಶಾಲೆ ಸೇರಿದ. 1974ರಲ್ಲಿ ಚರ್ಚಿಲ್ ಫೆಲೋಶಿಪ್ ಪಡೆದು ಇಟಲಿ, ಫ್ರಾನ್ಸ್, ಜರ್ಮನಿ ಸುತ್ತಿ ಬಂದರು. ಯುದ್ಧದಲ್ಲಿ ಚರ್ಚುಗಳ ಕಿಟಕಿಗಳು ನಾಶವಾಗಿದ್ದ ಜರ್ಮನಿಯಲ್ಲಿ ಹೊಸ ಬಗೆಯ ಗಾಜಿನ ಕಲೆ ಬೆಳೆದಿತ್ತು. ಅದು ಅವರ ಮೇಲೆ ಬಹಳ ಪ್ರಭಾವ ಬೀರಿತು.

ಕ್ಲಾರ್ಕ್ ಮೂಲತಃ ಚಿತ್ರಕಾರರು. ಕ್ಯಾನ್ವಾಸ್ ಕೊನೆಯವರೆಗೂ ಬಿಡಲಿಲ್ಲ. ಆದರೆ ಅವರು ಮಾಡಿದ ದೊಡ್ಡ ಕೆಲಸವೆಂದರೆ ಬಣ್ಣದ ಗಾಜನ್ನು ಚರ್ಚಿನ ಗೋಡೆಯಿಂದ ಬಿಡಿಸಿ ತಂದದ್ದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳನ್ನು ನೀವೆಲ್ಲ ನೋಡಿರುತ್ತೀರಿ. ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸಿ ಚಿತ್ರ ಮಾಡುವುದು ಹಳೆಯ ಪದ್ಧತಿ. ಅಲ್ಲಿ ಸೀಸದ ಗೆರೆ ಇಲ್ಲದೆ ಚಿತ್ರ ನಿಲ್ಲುವುದಿಲ್ಲ. ಕ್ಲಾರ್ಕ್ ದೊಡ್ಡ ಸಾದಾ ಗಾಜಿನ ಹಲಗೆಯ ಮೇಲೆ ಬಣ್ಣವನ್ನು ಸುಟ್ಟು ಕೂರಿಸಿ ಆ ಗೆರೆಯನ್ನೇ ತೆಗೆದುಹಾಕಿದರು. ಆಮೇಲೆ ಏನನ್ನಿಸಿತೋ, ಸೀಸದ ಹಾಳೆಯನ್ನೇ ಮುಖ್ಯ ಮಾಡಿ ಅದರ ಮೇಲೆ ತಲೆಬುರುಡೆಗಳನ್ನೂ ಮೂಡಿಸಿದರು. ಅನಾಟಮಿ ಹಾಲಿನಲ್ಲಿ ಎರಡು ವರ್ಷ ಕಳೆದವನಾಗಿ ಹೇಳುತ್ತೇನೆ, ಅವು ನನಗೆ ಅಷ್ಟು ಹಿಡಿಸಲಿಲ್ಲ.

1982ರಲ್ಲಿ ರಿಯಾದ್ ವಿಮಾನ ನಿಲ್ದಾಣದ ಮಸೀದಿಗೆ, 2006ರಲ್ಲಿ ನಾರ್ಮನ್ ಫಾಸ್ಟರ್ ಕಟ್ಟಿದ ಅಸ್ತಾನಾದ ಪಿರಮಿಡ್ಡಿಗೆ, 2010ರಲ್ಲಿ ವಿಂಬಲ್ಡನ್‌ನಲ್ಲಿ ಪೋಪ್ ಪ್ರತಿನಿಧಿಯ ಪ್ರಾರ್ಥನಾಲಯಕ್ಕೆ ಗಾಜು ಮಾಡಿಕೊಟ್ಟರು. ನಡುವೆ 1989ರಲ್ಲಿ ಪಾಲ್ ಮೆಕಾರ್ಟ್ನಿಯ ವಿಶ್ವಪ್ರವಾಸಕ್ಕೆ ರಂಗಸಜ್ಜಿಕೆ ಬೇರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಜರ್ಮನಿಯ ಡಾರ್ಮ್‌ಸ್ಟಾಟ್. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟ ರಾತ್ರಿಗೆ ಹೆಸರು ಬಂದದ್ದೇ ಬೀದಿಯಲ್ಲಿ ಚೆಲ್ಲಿದ್ದ ಗಾಜಿನ ಚೂರುಗಳಿಂದ. ಆ ಊರಿನ ಯಹೂದಿ ಮಂದಿರಗಳೂ ಹಾಗೆಯೇ ಹೋದವು. ಐವತ್ತು ವರ್ಷದ ನಂತರ, 1988ರಲ್ಲಿ, ಅಲ್ಲಿ ಹೊಸ ಮಂದಿರ ಎದ್ದಿತು. ಅದರ ಕಿಟಕಿಗಳಿಗೆ ಕ್ಲಾರ್ಕ್ ತುಂಬಿಸಿದ್ದು ಮತ್ತೆ ಗಾಜನ್ನೇ. ಯಹೂದಿಯಲ್ಲದ, ಗಣಿ ಕಾರ್ಮಿಕನ ಮಗನಿಗೆ ಆ ಕೆಲಸ ಒಪ್ಪಿಕೊಳ್ಳುವಾಗ ಕೈ ನಡುಗಿರಲಾರದೇ?

ಲೀಡ್ಸ್‌ನ ಚಾವಣಿ ಮುಗಿದದ್ದು ಅದಾದ ಎರಡೇ ವರ್ಷಕ್ಕೆ, 1990ರಲ್ಲಿ. ಸುಮಾರು 750 ಚದರ ಮೀಟರ್. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಕ್ಯಾನ್ವಾಸಿನ ಚಿತ್ರವನ್ನು ನಾವು ಹೋಗಿ ನೋಡಬೇಕು. ಇದು ಬಿಸಿಲು ಬಂದರೆ ಸಾಕು, ತಾನೇ ಇಳಿದು ನಮ್ಮ ಮೇಲೆ ಬೀಳುತ್ತದೆ.

ಮೊನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆವು. ಮಧ್ಯಾಹ್ನದ ಬಿಸಿಲಿತ್ತು. ಎರಡು ಕೈಯಲ್ಲೂ ಚೀಲ ಹಿಡಿದ ಮುದುಕಿಯೊಬ್ಬರು ನಮ್ಮ ಮುಂದೆಯೇ ನಿಧಾನವಾಗಿ ನಡೆದು ಹೋದರು. ಅವರ ಬಿಳಿ ಕೂದಲು ಒಮ್ಮೆ ನೀಲಿಯಾಯಿತು, ಒಮ್ಮೆ ಕೆಂಪಾಯಿತು. ಅವರಿಗೆ ಗೊತ್ತೇ ಆಗಲಿಲ್ಲ. ನಾನು ನೋಡುತ್ತ ನಿಂತುಬಿಟ್ಟೆ.

“ಏನ್ರೀ, ಪಾರ್ಕಿಂಗ್ ಟೈಮ್ ಮುಗೀತು, ಬನ್ನಿ” ಎಂದಳು ನನ್ನವಳು.